ಫ್ರೆಂಚ್ ಪ್ರೊಫೆಸರ್: ಒಂದು ಸಮಾಸ ವಿಚಾರ

'ಫ್ರೆಂಚ್ ಪ್ರೊಫೆಸರ್' ಎಂಬ ಪದವನ್ನು 'ಫ್ರೆಂಚನಾದ ಪ್ರೊಫೆಸರ್' ಎಂದು ಬಿಡಿಸಿದರೆ ಕರ್ಮಧಾರಯ ಸಮಾಸವಾಗುತ್ತದೆ, 'ಫ್ರೆಂಚಿನ ಪ್ರೊಫೆಸರ್' ಎಂದು ಬಿಡಿಸಿದರೆ ತತ್ಪುರುಷವಾಗುತ್ತದೆ; ಅಂದರೆ ಮೊದಲನೆಯದರಲ್ಲಿ ಪೂರ್ವಪದವು ಆ ವ್ಯಕ್ತಿಯ ಹುಟ್ಟನ್ನು ಹೇಳಿದರೆ, ಎರಡನೆಯದರಲ್ಲಿ ಅವನ ಹೊಟ್ಟೆಪಾಡನ್ನು ಹೇಳುತ್ತದೆ. ಈ ಸಂದಿಗ್ಧವು ಹರಪನಹಳ್ಳಿಯ ಅಡತಿ ಅಂಗಡಿಯೊಂದರ ಮೆಕ್ಕೆಜೋಳದ ಚೀಲಗಳ ನಡುವೆ, ಪುದುಚೇರಿಯಲ್ಲಿರುವ ವರನ ಬಯೋಡಾಟಾವನ್ನು ಮಧ್ಯಸ್ಥಗಾರನೊಬ್ಬ ಗಟ್ಟಿಯಾಗಿ ಓದಿ, ಚಹಾ ಕುಡಿದು ಹೋದ ಮೇಲೆ ಚರ್ಚೆಗೆ ಬಂದಿತು. ಚರ್ಚಿಸಿದವರು ಅಂಗಡಿಯ ಸಾಹುಕಾರರು, ಅವರ ಪತ್ನಿ ಮತ್ತು ನಿವೃತ್ತ ಕನ್ನಡ ಮೇಷ್ಟ್ರು.

ಸಾಹುಕಾರರು: ಮೇಷ್ಟ್ರೇ, ಹುಡುಗ ಫ್ರೆಂಚ್ ಪ್ರೊಫೆಸರಂತೆ. ಬಿಳಿಯ ಅಳಿಯನ ಮುಂದೆ ಮಂಡಕ್ಕಿ-ಮೆಣಸಿನಕಾಯಿ ಇಟ್ಟು, ಆಮೇಲೆ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಹೊತ್ತೊಯ್ಯುವವರು ಯಾರು?

ಮೇಷ್ಟ್ರು: ಗಾಬರಿ ಬೇಡ ಸಾಹುಕಾರ್ರೇ, ಇದು ತತ್ಪುರುಷ. ಹುಡುಗ ನಮ್ಮವನೇ, ಕಲಿಸುವ ಭಾಷೆಯಷ್ಟೇ ಫ್ರೆಂಚು.

ಪತ್ನಿ: ಹಾಗಾದರೆ ಅವರ ಮನೆತನದಲ್ಲಿ ಫ್ರೆಂಚು ಹಿಂದಿನಿಂದ ನಡೆದುಕೊಂಡು ಬಂದಿದೆಯೇ?

ಮೇಷ್ಟ್ರು: ಈ ವಿದ್ಯೆಗೆ ಮನೆತನದ ಹಂಗಿಲ್ಲ ತಾಯಿ, ಬಹಳಷ್ಟು ಜನ ಬೇರೆ ಓಣಿಗೆ ಹೊರಟು ಇಲ್ಲಿಗೆ ಬಂದು ಮುಟ್ಟಿದವರು. ಪುದುಚೇರಿಯ ಫ್ರೆಂಚ್ ಸಂಸ್ಥೆಯನ್ನು 1955ರಲ್ಲಿ ಕಟ್ಟಿದ ಜಾನ್ ಫಿಲಿಯೋಜಾ ಅವರು ಮೂಲತಃ ಕಣ್ಣಿನ ವೈದ್ಯರು. ಸಂಸ್ಕೃತ, ತಮಿಳುಗಳ ಬೆನ್ನು ಹತ್ತಿ ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸಿನಲ್ಲಿ ಪ್ರೊಫೆಸರಾದರು.

ಸಾಹುಕಾರರು: ಕಣ್ಣಿನ ಆಸ್ಪತ್ರೆ ಬಿಟ್ಟು ತಾಳೆಗರಿ ಹಿಡಿದರೇ? ಆ ಮನೆಯ ಹೆಂಗಸರು ಏನೂ ಅನ್ನಲಿಲ್ಲವೇ?

ಮೇಷ್ಟ್ರು: ಆ ಮನೆಗೆ ಸೊಸೆಯಾಗಿ ಹೋದವರು ನಮ್ಮ ಹಾವೇರಿಯ ವಸುಂಧರಾ, ಅವರು ಅನ್ನುವುದಿರಲಿ, ವಿಜಯನಗರದ ಶಾಸನಗಳ ಮೇಲೆ ಫ್ರೆಂಚಿನಲ್ಲೇ ಗ್ರಂಥ ಬರೆದು 1973ರಲ್ಲಿ ಪ್ರಕಟಿಸಿದರು.

ಸಾಹುಕಾರರು: ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಆ ತಾಯಿ 48 ವರ್ಷ ಮೊದಲೇ ಬರೆದಿಟ್ಟಿದ್ದಾರೆ ಎಂದರೆ, ವಿಧಾನಸೌಧದವರಿಗಿಂತ ಮುಂಚೆ ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿತ್ತು!

ಈ ಮಾತನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಹರಪನಹಳ್ಳಿಯು 1953ರಲ್ಲಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ್ದು, ಇಲ್ಲಿನ ಹಿರಿಯರು ಕಟ್ಟೆ ಬಿಟ್ಟು ಏಳದೆಯೇ ಇಷ್ಟು ಕಡೆ ವಾಸವಾಗಿದ್ದಾರೆ. 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಪುದುಚೇರಿಯೂ ಈ ಅನುಭವದಲ್ಲಿ ಹರಪನಹಳ್ಳಿಗಿಂತ ಹಿಂದೆಯೇ.

ಪತ್ನಿ: ಅದಿರಲಿ, ಫಿಲಿಯೋಜಾ ಎಂದರೆ ಯಾವ ಬೆಡಗು?

ಮೇಷ್ಟ್ರು: ಬೆಡಗು ಗೊತ್ತಿಲ್ಲ ತಾಯಿ, ಕಾಗುಣಿತ ಗೊತ್ತು. ಬರೆಯುವಾಗ ಆ ಹೆಸರಿನ ಕೊನೆಗೆ 'ಟಿ' ಇದೆ, ಓದುವಾಗ ಇಲ್ಲ. ಪ್ಯಾರಿಸ್ ಎಂದು ನಾವು ಅನ್ನುವುದನ್ನೂ ಅವರು 'ಪಾರಿ' ಎನ್ನುತ್ತಾರೆ. ಕೊನೆಯ ವ್ಯಂಜನವನ್ನು ಬರೆದು, ಅನೇಕ ಕಡೆ ನುಡಿಯದೆ ಬಿಡುವುದು ಆ ಭಾಷೆಯ ರೂಢಿ.

ಸಾಹುಕಾರರು: ಬರೆದಿಟ್ಟು ಓದದೆ ಬಿಡುವ ರೂಢಿ ನಮ್ಮ ಅಡತಿ ಲೆಕ್ಕದಲ್ಲೂ ಉಂಟು, ಅದಕ್ಕೆ ಪ್ರೊಫೆಸರು ಬೇಕೇ?

ಮೇಷ್ಟ್ರು: ಬೇಕೇ ಬೇಕು ಎನ್ನುವ ಹಾಗೂ ಇಲ್ಲ. ಬೋದಲೇರ್ ಕವಿಯನ್ನು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದ ಲಂಕೇಶರು ಬೆಂಗಳೂರಿನಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್. ಅತ್ತ ಫ್ರಾನ್ಸಿನ ಮಹಾಕವಿ ಮಲಾರ್ಮೆ ಕೂಡ ಹೊಟ್ಟೆಗಾಗಿ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ.

ಸಾಹುಕಾರರು: ಫ್ರೆಂಚ್ ಕವಿಯೇ ಇಂಗ್ಲಿಷ್ ಕಲಿಸಿ ಉಂಡನೆಂದರೆ, ಫ್ರೆಂಚ್ ಕಲಿಸಿ ನಮ್ಮ ಹುಡುಗ ಉಂಡಾನೇ?

ಮೇಷ್ಟ್ರು: ಪಾವಟಿಗೆಗಳಿವೆ. ಭಾಷೆಯ ಪರೀಕ್ಷೆಗಳೇ ಎ1ರಿಂದ ಸಿ2ವರೆಗೆ ಆರು ಹಂತ. ಅದರಾಚೆಗೆ ಶೇಕಡಾ 55ರಷ್ಟು ಅಂಕಗಳ ಎಂ.ಎ., ಅದರ ಮೇಲೆ ನೆಟ್, ಅಂದರೆ ಕಾಲೇಜಿನಲ್ಲಿ ಪಾಠ ಹೇಳಲು ದೇಶಕ್ಕೆಲ್ಲ ಒಂದೇ ಆಗಿರುವ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ಕೆಲಸ ಸಿಕ್ಕರೂ ಮೊದಲು ಸಹಾಯಕ, ಬಳಿಕ ಸಹ, ಕಟ್ಟಕಡೆಗೆ ಬರಿಯ ಪ್ರೊಫೆಸರ್. ಈ ಒಂದು ವೃತ್ತಿಯಲ್ಲಿ ವಿಶೇಷಣಗಳು ಉದುರಿದಷ್ಟೂ ಸಂಬಳ ಏರುತ್ತದೆ.

ಪತ್ನಿ: ಇಷ್ಟೆಲ್ಲ ಹತ್ತಿದವನು ಪರ್ಮನೆಂಟೋ?

ಮೇಷ್ಟ್ರು: ಅದನ್ನು ವಿಚಾರಿಸಲೇಬೇಕು, ಏಕೆಂದರೆ ಅತಿಥಿ ಉಪನ್ಯಾಸಕರೆಂಬ ಇನ್ನೊಂದು ವರ್ಗವಿದೆ. ಮನೆಯ ಅತಿಥಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಾರೆ, ಕಾಲೇಜಿನ ಅತಿಥಿಗೆ ಕಡೆಯ ಪಂಕ್ತಿಯ ನಂಬಿಕೆಯೂ ಇರುವುದಿಲ್ಲ. ಪಾಠದ ಅವಧಿ ಮುಗಿದ ದಿನ ಸಂಬಳವೂ ಮುಗಿಯುತ್ತದೆ.

ಪತ್ನಿಯವರು ಕನ್ನಡಕ ಹಾಕಿಕೊಂಡು, ತಕ್ಕಡಿಯ ಪಕ್ಕದಲ್ಲಿ ಬಿದ್ದಿದ್ದ ಬಯೋಡಾಟಾವನ್ನು ಎತ್ತಿಕೊಂಡು ಸಾವಕಾಶವಾಗಿ ಓದತೊಡಗಿದರು.

ಪತ್ನಿ: 'ಉದ್ಯೋಗ: ಫ್ರೆಂಚ್ ಪ್ರೊಫೆಸರ್, ಗೆಸ್ಟ್.' ಈ ಕೊನೆಯ ಮಾತನ್ನು ಮಧ್ಯಸ್ಥಗಾರ ಓದಲೇ ಇಲ್ಲವಲ್ಲ!

ಸಾಹುಕಾರರು: ಅವನಿಗೂ ಫ್ರೆಂಚ್ ಬರುತ್ತದೆ ಬಿಡೇ. ಕೊನೆಯದು ಬರೆಯುವುದಕ್ಕೆ ಮಾತ್ರ.