ಹೊಟ್ಟೆ ಉಜ್ಜುವ ಶ್ರೀಮಂತಿಕೆ

ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಗುಡುಗುತ್ತಾ ಬರುವ ಕೋಟಿಗಟ್ಟಲೆ ಬೆಲೆಯ ಕಾರಿಗೆ ಪೊಲೀಸರ ಭಯವಿಲ್ಲ, ಪೆಟ್ರೋಲ್ ಬೆಲೆಯ ಚಿಂತೆಯೂ ಇಲ್ಲ. ಅದು ನಡುಗುವುದು ಹಂಪ್ ಕಂಡಾಗ ಮಾತ್ರ. ಅಲ್ಲಿಯವರೆಗೆ ಹುಲಿಯಂತಿದ್ದದ್ದು ಹಂಪ್ ಎದುರಾದ ಕೂಡಲೇ ಓರೆಯಾಗಿ ತಿರುಗಿ, ಒಂದೊಂದೇ ಚಕ್ರ ಹತ್ತಿಸುತ್ತದೆ. ಹಿಂದಿನ ಆಟೋದವರು ಆ ಹೊತ್ತಿನಲ್ಲಿ ಆಡುವ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಹಾಗಾದರೆ ಇಷ್ಟು ಕುಳ್ಳಗೆ ಮಾಡುವುದಾದರೂ ಏಕೆ? ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಕಾರು ತಿರುವಿನಲ್ಲಿ ವಾಲುವುದು ಕಡಿಮೆ. ಅಡಿಯಲ್ಲಿ ನುಗ್ಗುವ ಗಾಳಿಯನ್ನು ಹದ್ದುಬಸ್ತಿನಲ್ಲಿಟ್ಟರೆ ಅದೇ ಗಾಳಿ ಕಾರನ್ನು ನೆಲಕ್ಕೆ ಅಂಟಿಸುತ್ತದೆ. ಫಾರ್ಮುಲಾ ಒನ್‌ನಲ್ಲಂತೂ ಇದು ಹುಚ್ಚಿನ ಮಟ್ಟ ಮುಟ್ಟಿದೆ. ಕಾರು ಅತಿಯಾಗಿ ತಗ್ಗಬಾರದೆಂದು ಹೊಟ್ಟೆಯಡಿ 10 ಮಿ.ಮೀ. ದಪ್ಪದ ಹಲಗೆ ಕಟ್ಟಿಸುತ್ತಾರೆ. ಅದು 1 ಮಿ.ಮೀ.ಗಿಂತ ಹೆಚ್ಚು ಸವೆಯುವಂತಿಲ್ಲ. 2023ರ ಅಮೆರಿಕ ಗ್ರ್ಯಾನ್ ಪ್ರೀಯಲ್ಲಿ ಎರಡನೆಯವರಾಗಿ ಬಂದ ಹ್ಯಾಮಿಲ್ಟನ್, ಆರನೆಯವರಾದ ಲೆಕ್ಲೆರ್ಕ್ ಇಬ್ಬರೂ ಹಲಗೆ ಸವೆಸಿಕೊಂಡದ್ದಕ್ಕೆ ಅನರ್ಹರಾದರು. ಈ ಕಾಯಿದೆ ನಮ್ಮ ಬಡಾವಣೆಗೆ ಬಂದರೆ ಸಂಜೆಯೊಳಗೆ ಸ್ಪರ್ಧೆಯಲ್ಲಿ ಉಳಿಯುವುದು ಹಾಲಿನ ವ್ಯಾನ್ ಒಂದೇ!

ಹಂಪ್‌ಗೂ ಶಾಸ್ತ್ರವಿದೆ ಸ್ವಾಮಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕ: ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ.; 25 ಕಿ.ಮೀ. ವೇಗದಲ್ಲಿ ನಯವಾಗಿ ದಾಟಬಹುದು. ನಮ್ಮ ಬೀದಿಯ ಹಂಪ್‌ಗಳು ಆ ಪುಸ್ತಕ ಓದಿದಂತಿಲ್ಲ. ಅವುಗಳ ಎತ್ತರ ನಿರ್ಧಾರವಾಗುವುದು ಉಳಿದ ಡಾಂಬರು ಎಷ್ಟು, ಬಡಾವಣೆಯ ಹಿರಿಯರ ಸಿಟ್ಟು ಎಷ್ಟು ಎಂಬುದರ ಮೇಲೆ. ಪೋರ್ಷೆಯ ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ಸುಮಾರು 40 ಮಿ.ಮೀ. ಮೇಲೇಳುತ್ತದೆ. ಎತ್ತಿದ ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಎತ್ತಿಕೊಳ್ಳುತ್ತದೆ. ಜರ್ಮನಿಯಲ್ಲಿ ಸರಿ. ರಾತ್ರೋರಾತ್ರಿ ಹಂಪ್ ಹುಟ್ಟುವ ಊರಿನಲ್ಲಿ ನೆನಪನ್ನು ನಂಬಿ ಕೆಟ್ಟೀರಿ.

ಈಗ ಗಾಳಿ ತಿರುಗಿದೆ. ಲ್ಯಾಂಬೊರ್ಗಿನಿಯವರು ಹುರಾಕಾನ್ ಸ್ಟೆರಾಟೊ ಎಂಬ ಕಾರನ್ನು 44 ಮಿ.ಮೀ. ಎತ್ತರಿಸಿದರು, ಪೋರ್ಷೆಯವರು 911 ಡಕಾರನ್ನು 50 ಮಿ.ಮೀ. ಕುಳ್ಳಗಿದೆಯೆಂದು ಒಮ್ಮೆ ದುಡ್ಡು, ಎತ್ತರಿಸಿದ್ದೇವೆಂದು ಇನ್ನೊಮ್ಮೆ ದುಡ್ಡು. ವ್ಯಾಪಾರವೆಂದರೆ ಇದು!

ನಮ್ಮ ಸರ್ಕಾರವೇನು ಸುಮ್ಮನಿದೆಯೇ? ರಸ್ತೆಯ ಗುಂಡಿ ಅಳೆಯಲು ಪುರುಸೊತ್ತಿಲ್ಲದಿದ್ದರೂ ಕಾರಿನ ಅಡಿಯ ಅಂತರ ಅಳೆದು ತೆರಿಗೆ ಹಾಕಿತು. 2013ರ ಬಜೆಟ್ಟಿನಲ್ಲಿ ಎಸ್‌ಯುವಿಗಳ ಅಬಕಾರಿ ಸುಂಕ 27ರಿಂದ 30 ಪ್ರತಿಶತಕ್ಕೇರಿತು. ಎಸ್‌ಯುವಿ ಅನ್ನಿಸಿಕೊಳ್ಳಲು ಇದ್ದ ಷರತ್ತುಗಳಲ್ಲಿ ಒಂದು, 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಗುಂಡಿಗೆ ಹೆದರಿ ಎತ್ತರದ ಕಾರು ಕೊಂಡವನಿಗೆ ಎತ್ತರದ್ದೇ ದಂಡ! 2023ರಲ್ಲಿ ಜಿಎಸ್‌ಟಿ ಮಂಡಳಿಯು ಈ 170 ಅನ್ನು ಅಳೆಯಬೇಕಾದದ್ದು ಖಾಲಿ ಕಾರಿನಲ್ಲಿ ಎಂದು ಸ್ಪಷ್ಟಪಡಿಸಿತು.

ಗುಟ್ಟು ಇರುವುದೇ ಆ ‘ಖಾಲಿ’ಯಲ್ಲಿ. ಷೋರೂಮಿನ ಹುಡುಗ ಹೇಳುವ ಅಂಕಿ ಖಾಲಿ ಕಾರಿನದೋ ತುಂಬಿದ ಕಾರಿನದೋ ಕೇಳಿ. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವನ್ನೂ ಕೇಳಿ. ಅಂಕಿ ಒಂದೇ ಆದರೂ ಉದ್ದದ ಕಾರಿನ ನಡುಹೊಟ್ಟೆಯೇ ಮೊದಲು ಉಜ್ಜುವುದು. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿ, ಡಿಕ್ಕಿಗೆ ತೆಂಗಿನಕಾಯಿ ಮೂಟೆ ಹಾಕಿ, ನಿಮ್ಮ ಬೀದಿಯ ಹಂಪ್ ದಾಟಿಸಿ. ಅಡಿಯಿಂದ ‘ಕರ್ರ್’ ಎಂದರೆ ಆ ಕಾರು ಎಷ್ಟೇ ಚೆಂದವಿರಲಿ, ಬೀಗದ ಕೈ ವಾಪಸ್ ಕೊಟ್ಟು ಬನ್ನಿ.