ಬೇವು, ಬೆಲ್ಲ ಮತ್ತು ಬಾಂಡ್

ಯುಗಾದಿಯ ದಿನ ಇಸ್ಪೀಟು ಮುಟ್ಟುವುದಕ್ಕೆ ನಮ್ಮ ಸೀಮೆಯಲ್ಲಿ ಜೂಜು ಎನ್ನುವುದಿಲ್ಲ, ಹಬ್ಬ ಎನ್ನುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವುದೇ ಊರಿಗೆ ಅವತ್ತು ಒಬ್ಬಟ್ಟಿನ ಊಟ ಮುಗಿಯುವ ಹೊತ್ತಿಗೆ ಹೋಗಿ ನೋಡಿ. ಅರಳಿಕಟ್ಟೆ, ಪಂಪ್‌ಸೆಟ್ ಮನೆಯ ನೆರಳು, ಹಾಲಿನ ಡೈರಿಯ ಜಗಲಿ, ಎಲ್ಲೆಂದರಲ್ಲಿ ಟವೆಲ್ ಹಾಸಿಕೊಂಡು ಕೂತಿರುತ್ತಾರೆ. ವರ್ಷವೆಲ್ಲ ದುಶ್ಚಟಗಳ ಮೇಲೆ ಭಾಷಣ ಬಿಗಿಯುವ ಮೇಷ್ಟ್ರೂ ಅವತ್ತು ಒಂದು ಕೈ ನೋಡುತ್ತಾರೆ. ಮಾರನೆಯ ದಿನ ಹೊಸತೊಡಕು. ಹತ್ತಾರು ಮನೆಯವರು ಚೀಟಿ ಹಾಕಿ ಕುರಿ ತಂದು, ಕೊಯ್ದು, ಕಣ್ಣಳತೆಯಲ್ಲೇ ಸಮಸಮ ಪಾಲು ಮಾಡಿಕೊಳ್ಳುವ ಗುಡ್ಡೆ ಮಾಂಸದ ದಿನ. ಎರಡು ದಿನದಲ್ಲಿ ಆಟವೂ ಆಯಿತು, ಊಟವೂ ಆಯಿತು. ಮೂರನೆಯದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ವಸಿ ತೋಟದ ಕಡೆ ಹೋಗಿಬತ್ತೀನಿ" ಎನ್ನುತ್ತಾರೆ, ಅಷ್ಟೆ.

ಇಂಥ ಸ್ವಯಂಪೂರ್ಣ ವ್ಯವಸ್ಥೆ ಇರುವ ನಾಡಿಗೆ ಬೆಂಗಳೂರಿನಿಂದ ನಮ್ಮಕ್ಕನ ಮಗ ಫೋನು ಮಾಡಿ, "ಮಾವ, ಈ ಸಲ ಹೊಸತೊಡಕಿನ ಸಂಜೆ ಮನೇಲೇ ಕ್ಯಾಸಿನೊ ಥೀಮ್ ಪಾರ್ಟಿ ಮಾಡೋಣ. ರೂಲೆಟ್ ಚಕ್ರ ನಾನು ತರ್ತೀನಿ. ಕಾಕ್‌ಟೈಲ್ ಮೆನು ನಿಮ್ಮದು" ಎಂದ. ನಮ್ಮ ಮನೆಯಿರುವುದು ವಿ.ಸಿ. ಫಾರಂ ಪಕ್ಕ. ಎದುರಿಗೆ ಗದ್ದೆ, ಹಿಂದೆ ಕಬ್ಬು, ನಡುವೆ ಅವ್ವ. ಈ ಮೂರರಲ್ಲಿ ಯಾವುದೂ ಮಾಂಟೆ ಕಾರ್ಲೊಗೆ ಹೊಂದುವಂಥದ್ದಲ್ಲ. ಆದರೂ ಒಪ್ಪಿಕೊಂಡೆ. ಮನೆತನದಲ್ಲಿ ಜೇಮ್ಸ್ ಬಾಂಡ್ ಕಾದಂಬರಿ ಓದಿದವನು ನಾನೊಬ್ಬನೇ ಎಂಬ ಕಾರಣಕ್ಕೆ ಈ ಖಾತೆ ನನಗೆ ಸಿಕ್ಕಿತ್ತು. ಸಿಕ್ಕ ಖಾತೆಯನ್ನು ಬಿಟ್ಟುಕೊಟ್ಟ ಮಂತ್ರಿ ಯಾವನಿದ್ದಾನೆ?

ನಮ್ಮಲ್ಲಿ ಕುಡಿತಕ್ಕೆ ಅಳತೆ ಇದೆ, ಅಡುಗೆ ಇಲ್ಲ. ಸಿಕ್ಸ್ಟಿ, ನೈಂಟಿ, ಕ್ವಾರ್ಟರು. ಅದಕ್ಕೆ ನೀರೋ ಸೋಡಾನೋ ಎಂಬುದಷ್ಟೇ ತಾತ್ವಿಕ ಪ್ರಶ್ನೆ. ಕಾಕ್‌ಟೈಲ್ ಮಾಡುವವನಿಗೆ ಅಲ್ಲಿಂದ ಮುಂದೆ ದಾರಿ ಕಾಣುವುದಿಲ್ಲ. ಹಾಗಾಗಿ ಬಾಂಡ್‌ನಿಂದಲೇ ಶುರು ಮಾಡಿದೆ. 1953ರಲ್ಲಿ ಬಂದ 'ಕ್ಯಾಸಿನೊ ರಾಯಲ್' ಕಾದಂಬರಿಯಲ್ಲಿ ಆತ ಒಂದು ಪಾನೀಯವನ್ನು ಸ್ವತಃ ಕಟ್ಟುತ್ತಾನೆ: ಮೂರು ಪಾಲು ಜಿನ್, ಒಂದು ಪಾಲು ವೋಡ್ಕಾ, ಅರ್ಧ ಪಾಲು ಕೀನಾ ಲಿಲೆ ಎಂಬ ಫ್ರೆಂಚ್ ದ್ರಾಕ್ಷಾರಸ, ಮೇಲೊಂದು ನಿಂಬೆಯ ಸಿಪ್ಪೆ. ಆಮೇಲೆ ಅದಕ್ಕೆ ಹುಡುಗಿಯ ಹೆಸರಿಟ್ಟು ವೆಸ್ಪರ್ ಎಂದು ಕರೆಯುತ್ತಾನೆ. ಇದರಲ್ಲಿ ನಿಂಬೆಯ ಸಿಪ್ಪೆಯೊಂದು ಬಿಟ್ಟರೆ ಉಳಿದದ್ದನ್ನೆಲ್ಲ ಹೊರಗಿನಿಂದ ತರಬೇಕು. ಸರಿ, ಮಾರ್ಟಿನಿಯಾದರೂ ಇರಲಿ ಎಂದುಕೊಂಡು, ಅದಕ್ಕೆ ಬೇಕಾದ್ದನ್ನು ಪೇಟೆಯ ವೈನ್ ಸ್ಟೋರಿನ ಕಬ್ಬಿಣದ ಜಾಲರಿಗೆ ಮುಖ ಹಚ್ಚಿ ಕೇಳಿದೆ.

"ವರ್ಮೌತ್ ಇದೆಯಾ?"

"ಮೌತ್ ಫ್ರೆಶ್‌ನರ್ ಎದುರುಗಡೆ ಬೀಡಾ ಅಂಗಡೀಲಿ ಸಾರ್."

ನನ್ನ ಹಿಂದೆ ನಿಂತಿದ್ದವನಿಗೆ ತಡೆಯಲಾಗಲಿಲ್ಲ. "ಅದೇನೋ ಬೇಗ ಯೋಳಣ್ಣ, ಬಸ್ಸು ಹೊಂಟೋಯ್ತದೆ" ಎಂದ. ಮಾರ್ಟಿನಿಯನ್ನು ಅಲ್ಲೇ ಕೈಬಿಟ್ಟೆ. ಬರುವಾಗ ಯೋಚಿಸಿದರೆ ಅದರಲ್ಲಿ ನಾವು ಕಳೆದುಕೊಂಡದ್ದೂ ಹೆಚ್ಚೇನಿಲ್ಲ ಅನ್ನಿಸಿತು. ಉಪ್ಪುನೀರಿನಲ್ಲಿ ನೆನೆದ ಆಲಿವ್ ಕಾಯಿಯನ್ನು ಮಾರ್ಟಿನಿಯಲ್ಲಿ ತೇಲಿಸುತ್ತಾರಲ್ಲ, ಅದು ಉಪ್ಪಿನಕಾಯಿಯೇ. ನಮ್ಮವರು ಅದನ್ನು ಪ್ಯಾಕೆಟ್ಟಿನಿಂದ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ, ಅವರು ಗ್ಲಾಸಿನೊಳಗೇ ಹಾಕಿಕೊಂಡು ಕೋಟು ತೊಟ್ಟಿದ್ದಾರೆ.

ಇಷ್ಟು ಹೊತ್ತೂ ನಾನು ಕಬ್ಬಿನ ಗದ್ದೆಗೆ ಬೆನ್ನು ಹಾಕಿ ಕೂತು ಯೋಚಿಸುತ್ತಿದ್ದೆ. ತಿರುಗಿ ಕೂತ ಮೇಲೆ ಕೆಲಸ ಹಗುರಾಯಿತು. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂದಾಗ, ಆ ನೀರಿನಲ್ಲಿ ಏನು ಬೆಳೆಯಬೇಕೆಂದು ನೋಡುವುದಕ್ಕೆ 1931ರಲ್ಲಿ ಶುರುವಾದದ್ದು ಈ ಫಾರಂ. ನಾಲೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂತು, ಫಾರಂ ವಿ.ಸಿ. ಫಾರಂ ಆಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಬೆನ್ನು ಹತ್ತಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ತಂದರು. ಸಕ್ಕರೆ ಬಂದಲ್ಲಿ ಕಾಕಂಬಿ ಬರುತ್ತದೆ, ಕಾಕಂಬಿ ಬಂದಲ್ಲಿ ಡಿಸ್ಟಿಲರಿ ಬರುತ್ತದೆ. ಆ ಕಾರ್ಖಾನೆಗೂ, ಅಂದರೆ ನಮ್ಮ ಮೈಶುಗರ್‌ಗೂ ಬಂದಿತ್ತು. ಕಾಕಂಬಿಯನ್ನು ಹುಳಿ ಬರಿಸಿ ಬಟ್ಟಿ ಇಳಿಸಿದರೆ ರಮ್ಮು. ನಮ್ಮ ದೇಶದ ಅಗ್ಗದ ವಿಸ್ಕಿಯಲ್ಲೂ ಬಹುಪಾಲು ಇದೇ ಕಾಕಂಬಿಯ ಸ್ಪಿರಿಟ್ಟು. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಕರೆಯಲು ಕಾನೂನೇ ಒಪ್ಪುವುದಿಲ್ಲ. "ನಾನು ರಮ್ಮು ಮುಟ್ಟಾಕಿಲ್ಲ, ನಂದು ವಿಸ್ಕೀನೆ" ಎಂದು ಎದೆ ತಟ್ಟಿಕೊಳ್ಳುವ ನನ್ನ ಷಡ್ಡಕನೂ ಇಷ್ಟು ವರ್ಷ ಕುಡಿದದ್ದು ತನ್ನ ಗದ್ದೆಯ ಕಬ್ಬನ್ನೇ. ಕಟಾವಿನ ಕೂಲಿ ಕೊಟ್ಟು ಕಳಿಸಿದ್ದು ಅವನೇ, ದುಡ್ಡು ಕೊಟ್ಟು ವಾಪಸು ತಂದದ್ದೂ ಅವನೇ.

ಪ್ರಪಂಚದ ಹೆಸರಾಂತ ಕಾಕ್‌ಟೈಲುಗಳಲ್ಲಿ ಒಂದು ದೊಡ್ಡ ಕುಲವೇ ಕಬ್ಬಿನ ಸೀಮೆಯದು. ಕ್ಯೂಬಾದ ಡೈಕಿರಿ ಎಂದರೆ ರಮ್ಮು, ನಿಂಬೆ, ಸಕ್ಕರೆ. ಪುದೀನ, ಸೋಡಾ ಸೇರಿದರೆ ಮೊಹಿಟೊ. ಬ್ರೆಜಿಲ್‌ನವರು ಕಾಕಂಬಿಗೂ ಕಾಯದೆ ಕಬ್ಬಿನ ಹಾಲನ್ನೇ ಹುದುಗಿಸಿ ಬಟ್ಟಿ ಇಳಿಸಿ ಕಶಾಸಾ ಮಾಡುತ್ತಾರೆ. ಅದಕ್ಕೂ ನಿಂಬೆ, ಸಕ್ಕರೆ ಬಿದ್ದರೆ ಕೈಪಿರಿನ್ಯ. ಎಲ್ಲಿ ಕಬ್ಬು ಬೆಳೆಯಿತೋ ಅಲ್ಲೆಲ್ಲ ಅದೇ ಮೂರು ಸಾಮಾನು, ಮಂಡ್ಯದಲ್ಲಿ ಮಾತ್ರ ನಿಂಬೆಹಣ್ಣು ಲಾರಿಯ ಚಕ್ರದ ಕೆಳಗೆ ಹೋಗುತ್ತದೆ.

ಮೊದಲನೆಯದು ಹೀಗೆ ನಿಶ್ಚಯವಾಯಿತು: ಅರವತ್ತು ರಮ್ಮು, ಇಪ್ಪತ್ತು ನಿಂಬೆರಸ, ಇಪ್ಪತ್ತು ಬೆಲ್ಲದ ಪಾಕ. ಸಕ್ಕರೆ ಬೇಡ, ಆಲೆಮನೆಯಿಂದ ತಂದ ಅಚ್ಚುಬೆಲ್ಲವೇ ಇರಲಿ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ಬೆಲ್ಲದಿಂದಲೇ ರಮ್ಮು ಇಳಿಸಿ ಅದಕ್ಕೆ 'ಬೆಲ್ಲ' ಎಂದೇ ಹೆಸರಿಟ್ಟಿದ್ದಾರೆ. ಅದರ ಬೆಲೆ ನೋಡಿದ ಮೇಲೆ ನಾನು ಬೆಲ್ಲವನ್ನು ಬೇರೆ, ರಮ್ಮನ್ನು ಬೇರೆ ಕೊಳ್ಳುವುದೇ ಲೇಸು ಎಂದುಕೊಂಡೆ. ಅಲ್ಲಾಡಿಸುವುದಕ್ಕೆ ಶೇಕರ್ ಬೇಕಲ್ಲ, ಅಳಿಯ ಜಿಮ್ಮಿಗೆ ಒಯ್ಯುವ ಪ್ರೋಟೀನ್ ಪುಡಿಯ ಡಬ್ಬಿ ಇತ್ತು. ತೊಳೆದರೂ ಚಾಕಲೇಟು ವಾಸನೆ ಹೋಗಿರಲಿಲ್ಲ. ಅದನ್ನೂ ಮೆನುವಿನಲ್ಲಿ ಒಂದು ವಿಶೇಷವಾಗಿ ಬರೆದುಕೊಂಡೆ.

ಎರಡನೆಯದು ತಾನಾಗಿ ಬಂತು. ಕಾಕ್‌ಟೈಲ್ ಎಂದರೇನು ಎಂಬುದಕ್ಕೆ 1806ರಲ್ಲಿ ನ್ಯೂಯಾರ್ಕ್ ಸೀಮೆಯ ಒಂದು ಪತ್ರಿಕೆ ಕೊಟ್ಟ ಉತ್ತರ ಇವತ್ತಿಗೂ ಚಲಾವಣೆಯಲ್ಲಿದೆ: ಮದ್ಯ, ಸಕ್ಕರೆ, ನೀರು, ಕಹಿ. ಈ ಕಹಿಗೆಂದೇ ಗಿಡಮೂಲಿಕೆ ನೆನೆಸಿದ ಸಣ್ಣ ಸೀಸೆಯನ್ನು ಬಾರಿನವರು ಇಟ್ಟುಕೊಂಡಿರುತ್ತಾರೆ, ತೊಟ್ಟಿನ ಲೆಕ್ಕದಲ್ಲಿ ಹಾಕುತ್ತಾರೆ. ಸಿಹಿಯ ಜೊತೆಗೆ ಕಹಿ! ಯುಗಾದಿಯ ಬೆಳಿಗ್ಗೆ ಅವ್ವ ಎಲ್ಲರ ಬಾಯಿಗೂ ಹಾಕುವುದು ಇನ್ನೇನು? ರಸ್ತೆ ಬದಿಯ ಬೇವಿನ ಮರ ಆ ಹೊತ್ತಿಗೆ ಮೈತುಂಬ ಹೂ ಬಿಟ್ಟಿರುತ್ತದೆ. ಒಂದು ಹಿಡಿ ಹೂವನ್ನು ಲೋಟದಷ್ಟು ರಮ್ಮಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ ಸೋಸಿದೆ. ಅರ್ಧ ಚಮಚಕ್ಕೆ ಕಣ್ಣು ಮುಚ್ಚಿಹೋಗುವ ಕಹಿ. ಅದರ ಮೂರು ತೊಟ್ಟು, ಒಂದು ಚಮಚ ಬೆಲ್ಲದ ಪಾಕ, ರಮ್ಮು, ಒಂದು ದಪ್ಪ ಐಸು. ಹೆಸರು ಬೇವು-ಬೆಲ್ಲ. "ಹಬ್ಬದ ಹೆಸರಿಟ್ರೆ ಕುಡಿಯೋದೂ ಪುಣ್ಯ ಆಯ್ತದೇನ್ಲಾ?" ಎಂದು ಅವ್ವ ಕೇಳಿದಳು. ದೇವರ ಮುಂದೆ ಇಟ್ಟದ್ದನ್ನು ಮುಟ್ಟಿಲ್ಲ, ಇದು ರಸ್ತೆಯ ಮರದ್ದು ಎಂದು ಸಮಜಾಯಿಷಿ ಕೊಟ್ಟೆ.

ಕುಡಿಯದವರಿಗೂ ಮಕ್ಕಳಿಗೂ ಕಬ್ಬಿನ ಹಾಲಿಗೆ ಶುಂಠಿ, ನಿಂಬೆ, ಮದ್ದೂರಿನ ಎಳನೀರು. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಬಾರಿನಲ್ಲಿ ಮದ್ಯ ಕೊಡುವಂತಿಲ್ಲ. ಕ್ಯಾಸಿನೊದ ಬ್ಲ್ಯಾಕ್‌ಜಾಕ್‌ನಲ್ಲಿ 21 ದಾಟಿದವನು ಸೋತ. ಹೊಂತಕಾರಿ ಹುಡುಗರು ಎಲ್ಲಿ ನಿಲ್ಲಬೇಕು ಹೇಳಿ.

ಹೊಸತೊಡಕಿನ ಸಂಜೆ ಮೆನುವನ್ನು ಕಾರ್ಡಿನಲ್ಲಿ ಬರೆದು ಗೋಡೆಗೆ ಅಂಟಿಸಿದಾಗ ಮೊದಲ ತಕರಾರು ಷಡ್ಡಕನದು. "ಬೆರಕೆ ಮಾಡ್ಬೇಡ ಕಣಣ್ಣ. ಬೆರಕೆ ಮಾಡಿದ್ರೆ ಬೆಳಿಗ್ಗೆ ತಲೆ ಹಿಡ್ಕತದೆ. ಸೀಲ್ ಒಡೀದಿರೋ ಬಾಟ್ಲು ಕಣ್ಣೆದುರಿಗೆ ಇಕ್ಕು, ನಾನೇ ಹಾಕ್ಕತೀನಿ." ಇನ್ನು ನಾಲ್ಕು ತಲೆಗಳು ಹೌದೆಂದು ಅಲ್ಲಾಡಿದವು. ನನ್ನ ಇಡೀ ಖಾತೆ ಅಲ್ಲೇ ಮುಳುಗುತ್ತಿತ್ತು, ದೊಡ್ಡಪ್ಪನ ಮಗ ಕೈಹಿಡಿಯದಿದ್ದರೆ. ಆತ ಪ್ರಯೋಗಾಲಯವೊಂದರಲ್ಲಿ ದುಡಿದು ನಿವೃತ್ತನಾದವನು, ನಮಗೆಲ್ಲ ಲ್ಯಾಬಣ್ಣ.

"ಬೆರಕೆ ಅಂತ ಬಯ್ಯೋಕೆ ನಿಂಗೆ ಬೇರೆ ಊರು ಸಿಗಲಿಲ್ವೇನ್ಲಾ?" ಎಂದು ಲ್ಯಾಬಣ್ಣ ಶುರು ಮಾಡಿದ. "ಇದೇ ಫಾರಂನಲ್ಲಿ ಲಕ್ಷ್ಮಣಯ್ಯನೋರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಮದುವೆ ಮಾಡಿ ಇಂಡಾಫ್ ಅಂತ ತಳಿ ತೆಗೆದ್ರು. ಅದಕ್ಕೇ ಹೊಟ್ಟೆ ತುಂಬ ಮುದ್ದೆ ಉಂಡವರು ನಾವು. ಕೆ.ಆರ್.ಎಚ್.-2 ಭತ್ತ ಏನು? ಹೈಬ್ರಿಡ್ಡು. ಕಬ್ಬು? ಕೊಯಮತ್ತೂರಲ್ಲಿ ರಸದ ಕಬ್ಬಿಗೂ ಹೊಳೆದಂಡೆ ಕಾಡುಕಬ್ಬಿಗೂ ಬೆರಕೆ ಮಾಡಿ 1918ರಲ್ಲಿ ಕೋ 205 ಕೊಟ್ರು. ಆಮೇಲಿನ ಕೋ ತಳಿಗಳೆಲ್ಲ ಅದೇ ದಾರಿ. ನಮ್ಮ ಫಾರಂನ ವಿಸಿಎಫ್ 0517 ಮೊನ್ನೆ ಮೊನ್ನೆ ಬಂತು. ನಿನ್ನ ಸೀಲ್ ಒಡೀದ ಬಾಟ್ಲು ಒಳಗೂ ಬೆರಕೆನೇ ಇರೋದು, ಕುಡಿ."

ರಾಗಿಗೆ ಅಷ್ಟು ದೊಡ್ಡ ಉಪಕಾರ ಮಾಡಿದ ಮನುಷ್ಯನ ಹೆಸರು ಕಾಕ್‌ಟೈಲ್ ವಾದದಲ್ಲಿ ಬರಬೇಕಾಯಿತಲ್ಲ ಎಂದು ನನಗೆ ಮುಜುಗರವಾದರೂ ವಾದ ಗೆದ್ದಿತ್ತು. ಲ್ಯಾಬಣ್ಣ ಅಷ್ಟಕ್ಕೆ ಬಿಡಲಿಲ್ಲ. ಜೇಬಿನಿಂದ ಒಂದು ಗೇಣುದ್ದದ ಕೊಳವೆ ತೆಗೆದ. ಕಬ್ಬು ಹದಕ್ಕೆ ಬಂದಿದೆಯೇ ಎಂದು ನೋಡುವ ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ನನ್ನ ಡೈಕಿರಿಯ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಟ್ಯೂಬ್‌ಲೈಟಿನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿದ. ಇಡೀ ಜಗಲಿ ಉಸಿರು ಬಿಗಿಹಿಡಿಯಿತು. "ಇಪ್ಪತ್ತೆರಡು ಬ್ರಿಕ್ಸ್. ಕಟಾವಿಗೆ ಬಂದದೆ, ಹೊಡೀರಿ!" ಎಂದ. ಸ್ಪಿರಿಟ್ಟು ಬೆರೆತಿದ್ದರೆ ಆ ಕೊಳವೆ ತಪ್ಪು ಲೆಕ್ಕ ತೋರಿಸುತ್ತದೆ ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದ. ಅಷ್ಟರಲ್ಲಿ ಗ್ಲಾಸುಗಳು ಖಾಲಿಯಾಗಿದ್ದವು, ಬಂಡೂರು ಕುರಿಯ ಚಾಪ್ಸು ಎರಡನೇ ಸುತ್ತು ಬಂದಿತ್ತು.

ಕ್ಯಾಸಿನೊ ಮಾತ್ರ ಏಳಲಿಲ್ಲ. ದುಡ್ಡು ಕಟ್ಟಿ ಆಡಿದರೆ ಪೊಲೀಸ್ ಕಾಯ್ದೆ ಇದೆಯೆಂದು ಬಿಲ್ಲೆಗಳ ಬದಲು ಕಾಳು ಇಟ್ಟಿದ್ದೆವು: ಹುರುಳಿಗೆ ಒಂದು, ಅವರೆಗೆ ಐದು. ಬ್ಯಾಂಕು ಅವ್ವನದು. ಬೈಕಿನ ಕೀ ಒತ್ತೆಯಿಟ್ಟರೆ ಮಾತ್ರ ಕಾಳು ಕೊಡುವುದು, ಕೀ ವಾಪಸು ಬೆಳಿಗ್ಗೆಯೇ ಎಂಬುದು ಅವಳ ಕಾನೂನು. ರಿಸರ್ವ್ ಬ್ಯಾಂಕಿಗೂ ಇಂಥ ಬುದ್ಧಿ ಹೊಳೆಯಲಿಕ್ಕಿಲ್ಲ. ಕೀಗಳೆಲ್ಲ ರಾಗಿಹಿಟ್ಟಿನ ಡಬ್ಬ ಸೇರಿದವು. ಗ್ಲಾಸಿಗೂ ಅವಳದೇ ಮಿತಿ, ತಲೆಗೆರಡು.

ಅಳಿಯ ರೂಲೆಟ್ ಚಕ್ರ ತಿರುಗಿಸಿ ವಿವರಿಸಿದ: ಸೊನ್ನೆಯೂ ಸೇರಿ 37 ಮನೆ, ಗೆದ್ದರೆ ಒಂದಕ್ಕೆ 35. ಲ್ಯಾಬಣ್ಣ ಲೆಕ್ಕ ಹಾಕಿದ. "ಅಂದ್ರೆ ನೂರಕ್ಕೆ ಎರಡು ರೂಪಾಯಿ ಎಪ್ಪತ್ತು ಪೈಸೆ ಅಂಗಡಿಯೋನಿಗೆ." ಷಡ್ಡಕ ನಿಟ್ಟುಸಿರು ಬಿಟ್ಟ. "ಅಷ್ಟೇನಾ? ನಾನು ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕಟ್ತಾ ಇವ್ನಿ."

ಅದೂ ಅಲ್ಲದೆ ಚಕ್ರದಲ್ಲಿ ಉರುಳುವ ಗುಂಡಿನ ಮೇಲೆ ಯಾರಿಗೂ ನಂಬಿಕೆ ಹುಟ್ಟಲಿಲ್ಲ. ಮಂಡ್ಯದವರು ತಮಗೆ ಅಭಿಪ್ರಾಯವಿರುವ ವಿಷಯದ ಮೇಲೆ ಪಂಥ ಕಟ್ಟುವವರು. 2019ರ ಲೋಕಸಭಾ ಚುನಾವಣೆಯಲ್ಲಿ ಈ ಜಿಲ್ಲೆಯಲ್ಲಿ ಏನೇನು ಪಣಕ್ಕೆ ಬಿತ್ತೆಂಬುದನ್ನು ನೆನೆದು ಇವತ್ತಿಗೂ ಕೆಲವರು ನಗುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ರೂಲೆಟ್ಟಿನ ಗುಂಡಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಯಾವ ಊರಿನದೆಂದೂ ಗೊತ್ತಿಲ್ಲ. ಅದರ ಬಗ್ಗೆ ಅಭಿಪ್ರಾಯ ಹೊಂದುವುದು ಹೇಗೆ? ಕೊನೆಗೆ ಚಕ್ರ ಮಕ್ಕಳ ಕೈಗೆ ಹೋಯಿತು. ಹಿರಿಯರ ಬಾಜಿ ಕನ್ನಂಬಾಡಿಯ ಮೇಲೆ ತಿರುಗಿತು: ನಾಳೆಯ ಪೇಪರಿನಲ್ಲಿ ಕಟ್ಟೆಯ ನೀರಿನ ಮಟ್ಟ ಎಷ್ಟು ಬರುತ್ತದೆ? ಭರ್ತಿ 124.80 ಅಡಿ ಎಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಈ ಬೇಸಿಗೆಯಲ್ಲಿ ದಿನಕ್ಕೆಷ್ಟು ಇಳಿಯುತ್ತದೆ, ನಾಲೆಗೆ ಕಟ್ಟು ನೀರು ಯಾವತ್ತು ಬಿಟ್ಟರು, ಕುಡಿಯುವ ನೀರಿಗೆಂದು ಎಷ್ಟು ಹೋಯಿತು, ಒಬ್ಬೊಬ್ಬನೂ ಕಾಳು ಎಣಿಸುತ್ತ ಇಂಜಿನಿಯರ್ ಆದ. ಬೇವು-ಬೆಲ್ಲ ಆ ಹೊತ್ತಿಗೆ ಸರಿಯಾಗಿ ನಡೆಯಿತು. ನೀರಿನ ಮಾತಿಗೂ ಕಹಿಗೂ ಹೊಂದಿಕೆ ಇದೆ. ವಿಸ್ಕಿ ಬಿಟ್ಟು ಬೇರೆ ಮುಟ್ಟದ ಷಡ್ಡಕನೇ ಎರಡನೆಯ ಗ್ಲಾಸಿಗೆ "ಆ ಬೇವಿಂದು ಇನ್ನೆರಡು ತೊಟ್ಟು ಬುಡಣ್ಣ" ಎಂದ.

ಬೆಳಿಗ್ಗೆ ಪೇಪರು ಬಂತು. ದಶಮಾಂಶದವರೆಗೂ ಸರಿಯಾಗಿ ಹೇಳಿದ್ದವನು ಷಡ್ಡಕನೇ. ಮುಖ ತೊಳೆದುಕೊಂಡು ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಅತ್ತೆ, ಬಾಜಿ ಅವರೆಕಾಳೆಲ್ಲಾ ನಂದು."

"ರಾತ್ರೀನೇ ನೆನೆ ಹಾಕ್ಬುಟ್ಟೆ ಕಣಪ್ಪ. ಮಧ್ಯಾಹ್ನ ಸಾರು. ಉಂಡ್ಕಂಡ್ ಹೋಗು, ಕೀ ಆಮೇಲೆ ಕೊಡ್ತೀನಿ."