ಕೆಂಪಿಗೆ ಕೆಂಪು, ಬಿಳಿಗೆ ಬಿಳಿ

ಅಮೆರಿಕಕ್ಕೆ ಬಂದ ಕನ್ನಡದ ಗಂಡಸರು ಪಾತ್ರೆ ತೊಳೆಯುತ್ತಾರೆ, ಹುಲ್ಲು ಕತ್ತರಿಸುತ್ತಾರೆ, ಬೆಳಗಾಗೆದ್ದು ಬಾಗಿಲ ಮುಂದಿನ ಹಿಮ ಗೋರುತ್ತಾರೆ. ಊರಿನಲ್ಲಿ ಕೂತಲ್ಲಿಗೇ ಕಾಫಿ ತರಿಸಿಕೊಳ್ಳುತ್ತಿದ್ದ ಈ ಮಹಾನುಭಾವರಿಗೆ ಯಜಮಾನಿಕೆ ಅಂತ ಇಲ್ಲಿ ಉಳಿದಿರುವುದು ಒಂದೇ ಜಾಗದಲ್ಲಿ: ಸ್ಟೀರಿಯೋದ ಹಿಂಭಾಗದಲ್ಲಿ. ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಸಂದಿಗೆ ತಲೆ ತೂರಿಸಿದರೆಂದರೆ ಮುಗಿಯಿತು, "ಯಾರೂ ಏನೂ ಮುಟ್ಟಬೇಡಿ" ಎಂಬ ಆಜ್ಞೆಯಷ್ಟೇ ಹೊರಗೆ ಬರುತ್ತದೆ.

ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ನಮ್ಮನೆ ಬೇಸ್‌ಮೆಂಟಿನಲ್ಲೂ ಅಂಥದೊಂದು ಸಂದಿ ಇದೆ. ರಿಸೀವರ್, ಸಿ.ಡಿ. ಪ್ಲೇಯರ್, ಟಿ.ವಿ., ಎರಡು ಸ್ಪೀಕರ್, ಜೊತೆಗೆ ಗರಾಜ್ ಸೇಲಿನಲ್ಲಿ ಚೌಕಾಸಿ ಮಾಡಿ ತಂದ ಟರ್ನ್‌ಟೇಬಲ್. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದು ನಮ್ಮನೆಯವರೊಬ್ಬರಿಗೇ ಗೊತ್ತು. ಗೊತ್ತು ಅನ್ನುವುದು ಅವರ ಅಭಿಪ್ರಾಯ.

ಹೋದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದರು. ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಹಲಸಿನ ಹಪ್ಪಳಗಳ ನಡುವೆ ಪಂಚೆಯಲ್ಲಿ ಸುತ್ತಿದ ಎಲ್.ಪಿ. ತಟ್ಟೆಗಳೂ ಇದ್ದವು: ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, ಒಂದು ವೀಣೆ ಕಛೇರಿ. "ಗ್ರಾಮಫೋನು ತಗೊಂಡಿದ್ದೀರಂತಲ್ಲ, ಕೇಳೋಣ ಅಂತ ತಂದೆ" ಅಂದರು ಅಪ್ಪ. ಅಳಿಯನ ಮರ್ಯಾದೆ ಪ್ರಶ್ನೆ. ಟಾರ್ಚು ಬಾಯಿಗೆ ಹೋಯಿತು.

ಮುಳ್ಳು ತಟ್ಟೆಯ ಮೇಲೆ ಕೂತಿತು. ಎಂ.ಎಸ್. ಪಕ್ಕದ ಬೀದಿಯಲ್ಲಿ ಹಾಡುತ್ತಿರುವ ಹಾಗೆ ಕೇಳಿಸಿತು. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಅಷ್ಟೇ, ಅದರಲ್ಲೂ ಕೀರಲು. "ಈ ರಿಸೀವರ್‌ಗೆ ಪವರ್ ಸಾಲದು, ದೊಡ್ಡದು ತರಬೇಕು" ಎಂದು ಇವರು ತೀರ್ಪು ಕೊಟ್ಟು ಫೋನಿನಲ್ಲಿ ಬೆಲೆ ನೋಡತೊಡಗಿದರು. ಗಂಡಸರ ಪಾಲಿಗೆ ಪ್ರತಿ ರೋಗಕ್ಕೂ ಹೊಸ ಪೆಟ್ಟಿಗೆಯೇ ಮದ್ದು.

ರೋಗ ಬೇರೆಯೇ ಇತ್ತು. ತಂತಿ ಆಕ್ಸ್ ಎಂಬ ತೂತಿನಲ್ಲಿತ್ತು. ಸಿ.ಡಿ. ಪ್ಲೇಯರ್ 2 ವೋಲ್ಟಿನವರೆಗೂ ಗಟ್ಟಿಯಾಗಿ ಮಾತಾಡುತ್ತದೆ, ಅದಕ್ಕೆ ಆಕ್ಸ್ ಸಾಕು. ಟರ್ನ್‌ಟೇಬಲ್ಲಿನ ಮುಳ್ಳು ಹೊರಡಿಸುವುದು ಸುಮಾರು 5 ಮಿಲಿವೋಲ್ಟ್. ಸಾಲದ್ದಕ್ಕೆ ತಟ್ಟೆ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಇಲ್ಲದಿದ್ದರೆ ಗೀರುಗಳು ಅಗಲವಾಗಿ ಒಂದರ ಮೇಲೊಂದು ಹಾಯುತ್ತವೆ. 1954ರಿಂದ ಈ ಲೆಕ್ಕಕ್ಕೆ ಒಂದೇ ನಿಯಮ ಇದೆ. ಆ ಲೆಕ್ಕವನ್ನು ತಿರುಗಾಮುರುಗಾ ಮಾಡಿ ದನಿಯನ್ನು ಮೇಲೆತ್ತುವ ಕೆಲಸ ಫೋನೋ ಎಂದು ಬರೆದಿರುವ ತೂತಿನದು. ಬರೆದಿರುವುದನ್ನು ಓದಿದವಳು ನನ್ನ ಮಗಳು. ಅವಳಿಗಿನ್ನೂ ಯಜಮಾನಿಕೆ ಬಂದಿಲ್ಲ, ಅದಕ್ಕೇ ಓದುತ್ತಾಳೆ.

ತಂತಿ ಬದಲಾಯಿತು, ಎಂ.ಎಸ್. ಮನೆಯೊಳಗೆ ಬಂದರು. ಜೊತೆಗೆ ಗುಂಯ್ ಅನ್ನುವ ಸದ್ದೂ ಬಂತು. ಅಮ್ಮ ವೀಣೆ ಕಲಿತವರು, ಕಣ್ಣು ಮುಚ್ಚಿ ಕೇಳಿದರು. "ನಮ್ಮೂರ ಟ್ರಾನ್ಸ್‌ಫಾರ್ಮರ್ ಗುಂಯ್ ಇದಕ್ಕಿಂತ ತಗ್ಗು ಕಣೇ. ಅದನ್ನ ಷಡ್ಜ ಅಂತ ಇಟ್ಕೊಂಡ್ರೆ ಇದು ಸಾಧಾರಣ ಗಾಂಧಾರ" ಅಂದರು. ಅಪ್ಪ ಥಟ್ಟನೆ ಎದ್ದು ಕೂತರು. ಕೆ.ಇ.ಬಿ.ಯಲ್ಲಿ ಇಡೀ ಸರ್ವೀಸು ಕಳೆದವರು. ಇಂಡಿಯಾದ ಕರೆಂಟು ಸೆಕೆಂಡಿಗೆ 50 ಸಲ ಅಲುಗುತ್ತದೆ, ಅಮೆರಿಕದ್ದು 60 ಸಲ. ಐದಕ್ಕೆ ಆರು, ಸಾಧಾರಣ ಗಾಂಧಾರದ ಲೆಕ್ಕವೂ ಅದೇ. ಮದುವೆಯಾದಾಗಿನಿಂದ ಅಮ್ಮನ ಸಂಗೀತವನ್ನು "ತಲೆನೋವು" ಅನ್ನುತ್ತಿದ್ದ ಅಪ್ಪ ಮೊದಲ ಬಾರಿ "ಕರೆಕ್ಟು" ಅಂದರು.

ಆಮೇಲೆ ಅವರೇ ಸಂದಿಗೆ ಬಗ್ಗಿದರು. ಟರ್ನ್‌ಟೇಬಲ್ಲಿನಿಂದ ಒಂದು ಸಣ್ಣ ವೈರು ಅನಾಥವಾಗಿ ನೇತಾಡುತ್ತಿತ್ತು.

"ಇವರೇ, ಇದು ಎಲ್ಲಿಗೆ ಹೋಗಬೇಕು?" ಅಪ್ಪ ಅಳಿಯನನ್ನು ಹೆಸರು ಹಿಡಿದು ಕರೆಯುವವರಲ್ಲ.

"ಅದು ಎಕ್ಸ್‌ಟ್ರಾ, ಮಾವ."

"ಎಕ್ಸ್‌ಟ್ರಾ ಕೊಡೋ ಕಂಪನಿ ನನ್ನ ಸರ್ವೀಸಲ್ಲಿ ನೋಡಲಿಲ್ಲ. ಇದು ಅರ್ತಿಂಗು."

ರಿಸೀವರಿನ ಹಿಂದೆ ಫೋನೋ ತೂತಿನ ಪಕ್ಕದಲ್ಲೇ ಅದಕ್ಕೊಂದು ತಿರುಪು ಕಾದು ಕೂತಿತ್ತು. ವೈರು ಸುತ್ತಿ ಬಿಗಿ ಮಾಡಿದ ಕೂಡಲೇ ಗಾಂಧಾರ ನಿಂತಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ವೀಣೆ ತಟ್ಟೆ ಹಾಕಿದಾಗ ಅಮ್ಮ ಮತ್ತೆ ಕಣ್ಣು ಮುಚ್ಚಿದರು. "ಮೃದಂಗದವನಿಗೆ ಎಡಗೈ ಇಲ್ಲವೇನೋ" ಅಂದರು. ಒಂದು ಸ್ಪೀಕರಿಗೆ ಕೆಂಪು ತಂತಿ ಕೆಂಪು ಗುಬಟಿಗೇ ಸೇರಿತ್ತು, ಇನ್ನೊಂದಕ್ಕೆ ಕಪ್ಪಿನ ಜಾಗಕ್ಕೆ. ಹಾಗಾದರೆ ಒಂದು ಸ್ಪೀಕರ್ ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಇಬ್ಬರ ಜಗಳದಲ್ಲಿ ಬಡವಾಗುವುದು ಮಂದ್ರ. ಸರಿಪಡಿಸಿದ ಮೇಲೆ ಮೃದಂಗದವನಿಗೆ ಎಡಗೈ ಬಂತು. ಇವರು ಮಾತ್ರ "ಮೊದಲೂ ಹೀಗೇ ಕೇಳಿಸ್ತಿತ್ತಲ್ಲ" ಅಂದರು.

ಟಿ.ವಿ.ಯ ಪುರಾಣ ಚಿಕ್ಕದು. ಅದರ ಎಚ್‌ಡಿಎಂಐ ತೂತುಗಳು ನೋಡಲು ಒಂದೇ ಥರ, ಆದರೆ ದನಿಯನ್ನು ರಿಸೀವರಿಗೆ ವಾಪಸು ಕಳಿಸುವುದು ಎಆರ್‌ಸಿ ಎಂದು ಬರೆದಿರುವುದು ಮಾತ್ರ. ಅದನ್ನೂ ಮಗಳೇ ಓದಿದಳು.

ತಂತಿಯೇ ಇಲ್ಲದ ಸಂಬಂಧದ ಗೋಳು ಬೇರೆ. ಮರುದಿನ ಬೆಳಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟು, ಸುಪ್ರಭಾತ ಹಾಕಿ ಕೈಮುಗಿದು ನಿಂತಿದ್ದರು. ಮಹಡಿಯಲ್ಲಿ ಎದ್ದ ಮಗ ಹಾಸಿಗೆಯಲ್ಲೇ ಫೋನಿನ ಆಟ ತೆರೆದ. ಅವನ ಬ್ಲೂಟೂತ್ ಕಂಡ ರಿಸೀವರ್ ವೆಂಕಟೇಶ್ವರನನ್ನು ಅಲ್ಲಿಗೇ ಬಿಟ್ಟು ಅವನ ಕಡೆ ತಿರುಗಿತು. ಬೇಸ್‌ಮೆಂಟಿನಲ್ಲಿ ಮೆಷಿನ್‌ಗನ್ನು ಮೊಳಗಿತು. ದೇವರು ಎದ್ದಿದ್ದಂತೂ ಖಂಡಿತ.

ಹೊರನಾಡಿನ ಅಕ್ಕತಂಗಿಯರಿಗೆ ನನ್ನದೊಂದು ಮನವಿ. ಯಜಮಾನರು ಆಫೀಸಿಗೆ ಹೋದಾಗ ಕರೆಂಟು ಆರಿಸಿ ನೀವೇ ಆ ಸಂದಿಗೆ ಇಳಿಯಿರಿ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಕೆಂಪು ಬಲಗಡೆಯದು, ಬಿಳಿ ಎಡಗಡೆಯದು. ಪ್ಲೇಯರಿನ ಔಟ್ ರಿಸೀವರಿನ ಇನ್‌ಗೆ, ರಿಸೀವರಿನಿಂದ ಸ್ಪೀಕರಿಗೆ. ವಿದ್ಯೆ ಇಷ್ಟೇ. ಪ್ರತಿ ತಂತಿಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿ. ಮುಂದಿನ ಸಲ ಅವರು ಟಾರ್ಚು ಹುಡುಕಿದರೆ, ಪಾತ್ರೆ ತೊಳೆಯುವುದು ಬಾಕಿ ಇದೆ ಎಂದು ನೆನಪಿಸಿ.